ಸಾರೋಮ್ ಒತ್ತಿದ ಎರಡು ಹೆಬ್ಬೆಟ್ಟು

ತ್ನೋತ್ ಚ್ರುಂ ಎಂಬ ಆ ಊರಿನಲ್ಲಿ ಗಂಡಸರೆಲ್ಲರ ಹೆಸರಿನ ಮುಂದೆ ಚಾವ್ ಎಂದಿರುತ್ತಿತ್ತು, ಹೆಂಗಸರೆಲ್ಲರ ಹೆಸರಿನ ಮುಂದೆ ನಿಯಾಂಗ್. ಅವು ಮನೆತನದ ಹೆಸರುಗಳಲ್ಲ. ನಿಯಾಂಗ್ ಎಂದರೆ ಖ್ಮೆರ್ ಮಾತಿನಲ್ಲಿ ಹುಡುಗಿ, ಅಷ್ಟೆ. ಅಜ್ಜಂದಿರ ಕಾಲದಲ್ಲಿ ವಿಯೆಟ್ನಾಮಿ ಗುಮಾಸ್ತನೊಬ್ಬ ಮನೆಮನೆಗೆ ಬಂದು ಹೆಸರು ಬರೆದುಕೊಂಡಾಗ ಕಿವಿಗೆ ಬಿದ್ದದ್ದನ್ನೇ ಮನೆತನವೆಂದು ಬರೆದುಬಿಟ್ಟನಂತೆ. ಹಾಗಾಗಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಂಗಿಯರು ಕಾಗದದಲ್ಲಿ ಬೇರೆ ಬೇರೆ ಮನೆಯವರು.

"ಎಮ್ಮೆ ಲೆಕ್ಕ ಬರ್ಕೊಂಡ ಹಾಗೆ ಬರ್ಕೊಂಡು ಹೋದ್ರು. ಕೋಣ ಇಷ್ಟು, ಎಮ್ಮೆ ಇಷ್ಟು," ಎಂದು ಕೇವ್ ಹೇಳುತ್ತಿದ್ದಳು. ನಿಯಾಂಗ್ ಸಾರೋಮ್‌ಳ ತಾಯಿ ಅವಳು. ಊರಿನಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಅವಳು ಮಾಡಿದ ಒಲೆಯನ್ನು ಬಿಟ್ಟು ಬೇರೆಯವರದನ್ನು ಕೊಳ್ಳುವ ದೋಣಿಯವರೂ ಇರಲಿಲ್ಲ.

ವಿಯೆಟ್ನಾಮಿನ ಏಳು ಬೆಟ್ಟಗಳ ಸೀಮೆಯಲ್ಲಿ, ಗಡಿಯ ಕಾಲುವೆಗೆ ಅರ್ಧ ದಿನದ ನಡಿಗೆಯಷ್ಟು ದೂರದಲ್ಲಿ ಆ ಊರಿತ್ತು. ಸುತ್ತ ಗದ್ದೆ, ಗದ್ದೆಯ ಬದುಗಳಲ್ಲಿ ತಾಳೆಮರ. ಕೇವ್‌ಳ ಗದ್ದೆ ಬೆಟ್ಟದ ಬುಡದಲ್ಲಿತ್ತು. ಮೇಲೆ ನೋಡಿದರೆ ಎಲ್ಲರ ಗದ್ದೆಯ ಹಾಗೇ. ಮೊಣಕೈಯಷ್ಟು ಆಳ ಅಗೆದರೆ ಮಾತ್ರ ಬೂದುನೀಲಿ ಬಣ್ಣದ, ಬೆಣ್ಣೆಯಂತೆ ಬೆರಳಿಗೆ ಹತ್ತುವ ಜೇಡಿಮಣ್ಣು ಸಿಗುತ್ತಿತ್ತು. ಅಂಥ ಮಣ್ಣು ಊರಿನಲ್ಲಿ ಇದ್ದದ್ದು ಮೂರು ನಾಲ್ಕು ಗದ್ದೆಗಳಲ್ಲಿ ಮಾತ್ರ. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಆ ಗದ್ದೆಗಳು ಬಂದಿದ್ದವು. ಕಾಗದ ಪತ್ರ ಯಾವುದೂ ಇರಲಿಲ್ಲ. ಯಾರ ಗದ್ದೆ ಎಂದು ಕೇಳುವವರೂ ಇರಲಿಲ್ಲ.

ಸಾರೋಮ್ ಏಳು ವರ್ಷಕ್ಕೆ ಮಣ್ಣು ತುಳಿದಳು, ಹನ್ನೊಂದಕ್ಕೆ ಮಡಕೆಯ ಸುತ್ತ ನಡೆಯಲು ಕಲಿತಳು. ಅಲ್ಲಿಯವರಿಗೆ ತಿಗರಿ ಇಲ್ಲ. ಮರದ ದಿಮ್ಮಿಯ ಮೇಲೆ ಮಣ್ಣಿಟ್ಟು, ಒಳಗಡೆ ಗುಂಡನೆಯ ಕಲ್ಲನ್ನು ಒತ್ತಿ ಹಿಡಿದು, ಹೊರಗಿನಿಂದ ಮರದ ಪಟ್ಟಿಯಲ್ಲಿ ಬಡಿಯುತ್ತಾ ಹೆಂಗಸೇ ದಿಮ್ಮಿಯ ಸುತ್ತ ಹಿಂದೆಹಿಂದಕ್ಕೆ ನಡೆಯಬೇಕು. ಕೇವ್‌ಳ ಮನೆಯ ಅಂಗಳದಲ್ಲಿ ದಿಮ್ಮಿಯ ಸುತ್ತ ಒಂದು ಗುಂಡನೆಯ ಹಳ್ಳವೇ ಬಿದ್ದಿತ್ತು. ಪಾತ್ರೆ ಕೂರಲು ಮೂರು ಗುಂಡುಗಳ ಒಲೆ, ಮುಂದೆ ಸೌದೆ ಒರಗಿಸಲು ಮತ್ತು ಬೂದಿ ಬೀಳಲು ತಟ್ಟೆಯಂಥ ಬಾಯಿ: ದೋಣಿಯಲ್ಲಿ ಬದುಕುವವರಿಗೆ ಆ ಒಲೆಯೇ ಬೇಕು, ಇಲ್ಲದಿದ್ದರೆ ಕೆಂಡ ಹಲಗೆಗೆ ಬೀಳುತ್ತದೆ. ಪ್ರವಾಹದ ಕಾಲಕ್ಕೆ ದೋಣಿಗಳು ಗದ್ದೆಯ ಅಂಚಿನವರೆಗೂ ಬಂದು ಒಲೆ ತುಂಬಿಕೊಂಡು ಹೋಗುತ್ತಿದ್ದವು.

ಸಾರೋಮ್‌ಳ ಗಂಡ ಚಾವ್ ಫಲ್ಲಾ ತಾಳೆಮರ ಹತ್ತುವವನು. ಬೇಸಿಗೆಯಲ್ಲಿ ಬೆಳಿಗ್ಗೆ ಇಪ್ಪತ್ತು ಮರ, ಸಂಜೆ ಇಪ್ಪತ್ತು ಮರ ಹತ್ತಿ ರಸ ಇಳಿಸುತ್ತಿದ್ದ. ಹುಡುಗನಾಗಿದ್ದಾಗ ಕಾವಿ ಉಡಿಸಿ ಬೌದ್ಧ ಮಠಕ್ಕೆ ಬಿಟ್ಟರೆ ಮೂರೇ ತಿಂಗಳಿಗೆ ಓಡಿ ಬಂದವನು. ಅಕ್ಷರ ತಲೆಗೆ ಹತ್ತಲಿಲ್ಲ. ನಗುನಗುತ್ತಾ ಇರುವ ಮನುಷ್ಯ. ಆದರೆ ಪೇಟೆಗೆ ಬೆಲ್ಲ ಮಾರಲು ಹೋಗಿ ಬಂದ ದಿನ ಮಾತ್ರ ಮುಖ ಗಂಟಿಕ್ಕಿರುತ್ತಿತ್ತು. ಅಲ್ಲಿ ವಿಯೆಟ್ನಾಮಿ ವ್ಯಾಪಾರಿಗಳು ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ ಮಿಯೆನ್, ಮೂಟೆ ಇಲ್ಲಿಳಿಸೋ. ಕಾಲು ತೊಳ್ಕೊಂಡು ಬಾರೋ ಮಿಯೆನ್," ಎನ್ನುತ್ತಿದ್ದರು. ಖ್ಮೆರ್ ಜನರನ್ನು ಹೀಗಳೆದು ಕರೆಯುವ ಮಾತದು.

"ನಮ್ಮ ಅಪ್ಪನ ಅಪ್ಪನ ಬೂದಿ ಈ ಮಠದ ಸ್ತೂಪದಲ್ಲಿದೆ. ನಿನ್ನೆ ಮೊನ್ನೆ ದೋಣಿ ಇಳಿದು ಬಂದೋನು ನನಗೆ ಕಾಲು ತೊಳಿ ಅಂತಾನೆ," ಎಂದು ಫಲ್ಲಾ ಹಲ್ಲು ಕಡಿಯುತ್ತಿದ್ದ.

"ತೊಳ್ಕೋ. ಮಣ್ಣಾಗಿದ್ರೆ ತೊಳ್ಕೊಂಡ್ರೆ ಏನಾಯ್ತು?" ಎಂದು ಸಾರೋಮ್ ತಮಾಷೆ ಮಾಡಿದರೆ ಅವನಿಗೆ ಇನ್ನೂ ಸಿಟ್ಟು.

ಅವರಿಗೆ ಒಬ್ಬಳೇ ಮಗಳು, ಚಂತಾ. ಅವಳಿಗೆ ಐದು ತುಂಬಿದ ವರ್ಷ, ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ, ಕಾಲುವೆಯ ಆಚೆಯ ಖ್ಮೆರ್ ನಾಡಿನಿಂದ ಅಲ್ಲಿನ ಸೈನಿಕರು, ಕಪ್ಪು ಬಟ್ಟೆಯವರು, ಬಂದರು.

ಅವರು ಮೊದಲು ಬಂದದ್ದು ಗಡಿಯ ಪಕ್ಕದ ವಿಯೆಟ್ನಾಮಿ ಊರುಗಳಿಗೆ. ಅಲ್ಲಿ ಏನು ನಡೆಯಿತೆಂಬುದು ಗಾಳಿ ಬೀಸಿದಾಗ ವಾಸನೆಯಿಂದಲೇ ತ್ನೋತ್ ಚ್ರುಂಗೆ ತಿಳಿಯಿತು. ಜನ ಅಕ್ಕಿಗಂಟು ಹೊತ್ತು ಬೆಟ್ಟದ ಗವಿಗಳಿಗೆ ಹತ್ತಿದರು. ನಾಲ್ಕನೆಯ ದಿನ ಅದೇ ಕಪ್ಪು ಬಟ್ಟೆಯವರು ಬೆಟ್ಟದ ಬುಡಕ್ಕೆ ಬಂದು ನಿಂತು ಖ್ಮೆರ್ ಮಾತಿನಲ್ಲಿ ಕೂಗಿದರು. ಗುಂಡು ಹಾರಿಸಲಿಲ್ಲ. "ಅಣ್ಣಂದಿರಾ, ಅಕ್ಕಂದಿರಾ, ಇಳಿದು ಬನ್ನಿ. ಯುವೊನ್‌ರ ಕೈಕೆಳಗೆ ಯಾಕೆ ಸಾಯ್ತೀರಿ? ನಮ್ಮ ನಾಡಿಗೆ ನಡೀರಿ. ಅಲ್ಲಿ ಗದ್ದೆ ಇದೆ, ಅನ್ನ ಇದೆ." ಯುವೊನ್ ಎಂದರೆ ವಿಯೆಟ್ನಾಮಿನವರು.

ಗವಿಯ ಬಾಯಲ್ಲಿ ಕೂತಿದ್ದ ಫಲ್ಲಾ ಎದ್ದು ನಿಂತ.

"ಕೂತ್ಕೋ," ಎಂದಳು ಕೇವ್.

"ಕೇಳಿಸ್ತಾ ಇದೆಯಾ ಅತ್ತೆ? ನಮ್ಮ ಮಾತು."

"ನಮ್ಮ ಮಾತು ನನಗೂ ಕೇಳಿಸುತ್ತೆ, ಕಿವುಡಿಯಲ್ಲ ನಾನು. ಹೋದ ವರ್ಷ ಕಾಲುವೆ ಆಚೆಯಿಂದ ಓಡಿ ಬಂದೋರನ್ನ ನೋಡಿದೀಯಲ್ಲ? ಮೈಮೇಲೆ ಮೂಳೆ ಬಿಟ್ರೆ ಏನಿತ್ತು? ಹೊಟ್ಟೆ ತುಂಬಿದೋರು ಯಾರಾದ್ರೂ ಓಡಿ ಬರ್ತಾರಾ?"

ಫಲ್ಲಾ ಹೆಂಡತಿಯ ಕಡೆ ತಿರುಗಿದ. "ಸಾರೋಮ್, ನಡಿ. ಅಲ್ಲಿ ನಮ್ಮನ್ನ ಯಾರೂ ಮಿಯೆನ್ ಅನ್ನಲ್ಲ. ಅಂಗಡಿ ಬೋರ್ಡು ಕೂಡ ನಮ್ಮ ಅಕ್ಷರದಲ್ಲಿ ಇರುತ್ತಂತೆ ಕಣೇ."

"ನಿನಗೆಲ್ಲಿ ಓದೋಕೆ ಬರುತ್ತೆ?"

"ಬರಲ್ಲ. ಬರದೇ ಇದ್ರೂ ನಮ್ಮದೇ ಅಲ್ವಾ?"

ಸಾರೋಮ್ ಮಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. "ಅಮ್ಮನ್ನ ಬಿಟ್ಟು ಬರಲ್ಲ. ಗದ್ದೆ ಬಿಟ್ಟೂ ಬರಲ್ಲ. ಅಲ್ಲಿ ಹೋಗಿ ಏನು ಮಣ್ಣು ತಿನ್ನಲಾ?"

"ಮಣ್ಣು ಮಣ್ಣು! ಮಣ್ಣನ್ನೇ ಕಟ್ಕೊಂಡಿರು ನೀನು." ಅವನು ಹೆಗಲ ಮೇಲಿನ ಚೌಕಳಿ ಪಂಚೆಯನ್ನು ಸೊಂಟಕ್ಕೆ ಕಟ್ಟಿಕೊಂಡ. ದನಿ ತಗ್ಗಿಸಿ, "ಮಳೆಗಾಲದ ನಾಟಿ ಮುಗಿಸಿ ಬಂದು ಕರ್ಕೊಂಡು ಹೋಗ್ತೀನಿ. ಅಷ್ಟರಲ್ಲಿ ನೀನೂ ಯೋಚನೆ ಮಾಡಿರು," ಎಂದ. ಚಂತಾಳ ತಲೆ ಮುಟ್ಟಿದ. ಮರ ಹತ್ತುವ ಗೆಳೆಯ ತುಯ್ ಜೊತೆಗೆ ಹೊರಟ. ಇಬ್ಬರೂ ಬಂಡೆಯಿಂದ ಬಂಡೆಗೆ ಜಿಗಿಯುತ್ತಾ ಇಳಿದರು. ಯಾರೂ ಅವರನ್ನು ಎಳೆದೊಯ್ಯಲಿಲ್ಲ, ಬಂದೂಕು ತೋರಿಸಲಿಲ್ಲ. ಸಾರೋಮ್ ಕಣ್ಣಾರೆ ನೋಡಿದಳು. ಊರಿನ ಮೂವತ್ತು ನಲವತ್ತು ಜನ ಆ ದಿನ ಹಾಗೆ ಹೋದರು.

ವಾರದೊಳಗೆ ವಿಯೆಟ್ನಾಮಿ ಸೈನಿಕರ ಲಾರಿಗಳು ಬಂದವು. ಉಳಿದವರು ಅರ್ಧ ದಿನದಲ್ಲಿ ಊರು ಖಾಲಿ ಮಾಡಬೇಕು, ಗಡಿಯಲ್ಲಿ ಯುದ್ಧ. ಆಚೆ ಹೋದವರು ಯಾರ ಮನೆಯವರೆಂದು ಒಬ್ಬ ಅಧಿಕಾರಿ ಕೇಳಿ ಬರೆದುಕೊಂಡ. ಪಕ್ಕದ ಮನೆಯಾಕೆ ಹೆದರಿಕೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾರೋಮ್ ತಾಯಿಯನ್ನು, ಮಗಳನ್ನು, ಒಂದು ಅಕ್ಕಿಮೂಟೆಯನ್ನು ಲಾರಿಗೆ ಹತ್ತಿಸಿದಳು. ಮಡಕೆ ಬಡಿಯುವ ಪಟ್ಟಿ, ಒಳಗೆ ಹಿಡಿಯುವ ಕಲ್ಲು ಎರಡನ್ನೂ ಸೊಂಟದ ಬಟ್ಟೆಯಲ್ಲಿ ಕಟ್ಟಿಕೊಂಡಳು.

ಅವರನ್ನು ಇಳಿಸಿದ್ದು ಸಮುದ್ರದ ಕಡೆಯ ಸೀಮೆಯಲ್ಲಿ. ಅಲ್ಲಿಯೂ ಖ್ಮೆರ್ ಜನರಿದ್ದರು, ಖ್ಮೆರ್ ಮಠಗಳಿದ್ದವು. ಆದರೆ ಅವರಿಗೇ ತಿನ್ನಲಿಕ್ಕಿರಲಿಲ್ಲ. ಬಾವಿಯ ನೀರು ಉಪ್ಪು. ಮಠದ ಹಜಾರದಲ್ಲಿ ಇನ್ನೂರು ಜನ ಮಲಗಿದರು. ಊರಿನವರು ಮೊದಲ ತಿಂಗಳು ಗಂಜಿ ಹಂಚಿದರು, ಎರಡನೆಯ ತಿಂಗಳು ಮುಖ ತಿರುಗಿಸಿದರು. "ಬೆಟ್ಟದೋರು ಬಂದ್ರು, ಕೆರೆ ಸೊಪ್ಪೆಲ್ಲ ಖಾಲಿ," ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು.

ಸಾರೋಮ್ ಗದ್ದೆಯಂಚಿನ ಮಣ್ಣು ತಂದು ಒಲೆ ಮಾಡಿ ನೋಡಿದಳು. ಉಪ್ಪುಮಣ್ಣು ಬಿಸಿಲಿಗೇ ಬಿರಿಯಿತು. ಕೇವ್ ಆ ಬಿರುಕನ್ನು ಬೆರಳಿನಿಂದ ಸವರಿ, "ಇದು ಮಣ್ಣಲ್ಲ ಮಗಳೇ, ಬೂದಿ," ಎಂದಳು. ಆ ಮಳೆಗಾಲದಲ್ಲಿ ಅವಳಿಗೆ ಭೇದಿ ಶುರುವಾಯಿತು. ಮಾತೇ ಬಲವಾಗಿದ್ದ ಹೆಂಗಸು ಕೊನೆಯ ಮೂರು ದಿನ ಒಂದು ಮಾತೂ ಆಡಲಿಲ್ಲ. ಪರವೂರಿನ ಸೌದೆಯಲ್ಲಿ ಅವಳನ್ನು ಸುಟ್ಟರು. ಎಲುಬುಗಳನ್ನು ತೊಳೆದು ಇಡಲು ಸಾರೋಮ್ ಅದೇ ಕೆಟ್ಟ ಮಣ್ಣಿನಲ್ಲಿ ಒಂದು ಗಡಿಗೆ ಮಾಡಿದಳು. ಆರು ಗಡಿಗೆ ಒಡೆದವು, ಏಳನೆಯದು ನಿಂತಿತು.

ಮೂರು ವರ್ಷದ ಮೇಲೆ ಊರಿಗೆ ಹಿಂತಿರುಗಬಹುದು ಎಂದರು. ಬಸ್ಸು ಇಳಿದು, ಎಲುಬಿನ ಗಡಿಗೆಯನ್ನು ಹೊತ್ತು, ಮಗಳ ಕೈ ಹಿಡಿದು ಸಾರೋಮ್ ನಡೆದು ಬಂದಾಗ ತ್ನೋತ್ ಚ್ರುಂನ ದಾರಿಯಲ್ಲಿ ಅವಳಿಗೆ ಮೊದಲು ಸಿಕ್ಕವನು ತುಯ್. ಹಲ್ಲೆಲ್ಲ ಉದುರಿ, ಒಂದು ಕಾಲು ಎಳೆಯುತ್ತಾ ತಾಳೆಮರದ ಕೆಳಗೆ ಕೂತಿದ್ದ. ಅವನೊಬ್ಬನೇ ಇದ್ದ. ಚಂತಾಳನ್ನು ಮಠದ ಬಾವಿಗೆ ನೀರು ಕುಡಿಯಲು ಕಳಿಸಿ ಸಾರೋಮ್ ಅವನ ಎದುರು ಕೂತಳು.

"ಹೇಳು."

"ಏನ್ ಹೇಳ್ಲಿ ಅತ್ತಿಗೆ..."

"ಇದ್ದದ್ದು ಹೇಳು."

ತುಯ್ ನೆಲ ನೋಡುತ್ತಾ ಹೇಳಿದ. ಮೊದಲು ಚೆನ್ನಾಗಿಯೇ ನೋಡಿಕೊಂಡರಂತೆ, ಅನ್ನ ಕೊಟ್ಟರಂತೆ. ಆಮೇಲೆ ರೈಲಿನಲ್ಲಿ ಉತ್ತರಕ್ಕೆ ಸಾಗಿಸಿದರು. ಅಲ್ಲಿ ಒಂದು ದಿನ, ಕೆಳನಾಡಿನಿಂದ, ಎಂದರೆ ವಿಯೆಟ್ನಾಮಿನ ಕಡೆಯಿಂದ ಬಂದವರೆಲ್ಲ ಹೆಸರು ಬರೆಸಿ, ವಾಪಸು ಕಳಿಸುತ್ತೇವೆ ಎಂದರು. ಬರೆಸಿದವರನ್ನು ಗಾಡಿಯಲ್ಲಿ ಕರೆದುಕೊಂಡು ಹೋದರು. ಗಾಡಿ ಬೇಗ ಬೇಗ ಖಾಲಿ ವಾಪಸು ಬರುತ್ತಿತ್ತು.

"ನಮ್ಮಮ್ಮ ಆಚೆ ತಾಕೇವ್ ಕಡೆಯೋಳಲ್ವಾ, ಆ ಕಡೆ ಮಾತು ನನಗೆ ಬರುತ್ತೆ. ನಾನು ತಾಕೇವ್‌ನೋನು ಅಂದೆ. ಫಲ್ಲಾಗೂ ಹಾಗೇ ಹೇಳು ಅಂದೆ. ಹೇಳ್ದ. ಎರಡು ತಿಂಗಳು ನಡೀತು. ಒಂದು ದಿನ ಬೀಡಿ ಹಚ್ಚೋಕೆ ಅಂತ ಗುಂಪಿನ ಮುಖಂಡನ್ನ ಬೆಂಕಿಪೊಟ್ಟಣ ಕೇಳ್ದ. ಹೋಪ್‌ಕ್ವೆತ್ ಕೊಡಿ ಅಂದ."

"ಅದಕ್ಕೆ?"

"ಅದು ಯುವೊನ್ ಮಾತಂತೆ ಅತ್ತಿಗೆ. ನನಗೂ ಗೊತ್ತಿರಲಿಲ್ಲ. ನಾವು ಹುಟ್ಟಿದಾಗಿಂದ ಅದನ್ನೇ ಹೇಳೋದು. ಅಲ್ಲಿಯೋರು ಬೇರೆ ಏನೋ ಹೇಳ್ತಾರೆ. ಮುಖಂಡ ನಕ್ಕ. 'ಮೈ ಖ್ಮೆರ್, ತಲೆ ಯುವೊನ್' ಅಂದ. ಕೈ ಹಿಂದಕ್ಕೆ ಕಟ್ಟಿ ಕರ್ಕೊಂಡು ಹೋದ್ರು. ಇವನು 'ನಾನು ಖ್ಮೆರ್, ನಾನು ಖ್ಮೆರ್' ಅಂತ ಕೂಗ್ತಾ ಇದ್ದ. ಸ್ವಲ್ಪ ಹೊತ್ತು ಕೇಳಿಸ್ತಾ ಇತ್ತು."

ಸಾರೋಮ್ ಅಳಲಿಲ್ಲ. ಗಡಿಗೆಯನ್ನು ತೊಡೆಯ ಮೇಲಿಂದ ತೆಗೆದು ನೆಲಕ್ಕಿಟ್ಟಳು, ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಮಗಳು ಬಾವಿಯಿಂದ ಬರುವುದು ಕಂಡಾಗ, "ಅವಳಿಗೆ ಹೇಳಬೇಡ. ಕಾಯಿಲೆಯಿಂದ ಹೋದ ಅನ್ನೋಣ," ಎಂದಳು.

ಅದೇ ಸಂಜೆ ತಾಯಿಯ ಎಲುಬನ್ನು ಮಠದ ಸ್ತೂಪದಲ್ಲಿಟ್ಟು ಗದ್ದೆಯ ಕಡೆ ಹೋದಳು. ಗದ್ದೆಯ ಮೂಲೆಯಲ್ಲಿ ಗುಡಿಸಲೊಂದು ಎದ್ದಿತ್ತು. ಪೈರು ಬೆಳೆದು ನಿಂತಿತ್ತು. ಯಾರೋ ವಿಯೆಟ್ನಾಮಿ ಹೆಂಗಸು ಕಳೆ ಕೀಳುತ್ತಿದ್ದಳು.

ಕಚೇರಿಯಲ್ಲಿ ವಿಚಾರಿಸಿದರೆ, ಖಾಲಿ ಬಿದ್ದಿದ್ದ ಗದ್ದೆಗಳನ್ನು ಯುದ್ಧದಲ್ಲಿ ಮನೆ ಕಳೆದುಕೊಂಡವರಿಗೆ ಹಂಚಲಾಗಿದೆ ಎಂದರು. ನಿಮಗೆ ಮನೆ ಕಟ್ಟಲು ಜಾಗ ಸಿಗುತ್ತದೆ, ಗದ್ದೆ ಆಮೇಲೆ ನೋಡೋಣ ಎಂದರು. ಹಾಗೆ ಊರಿಗೆ ಮರಳಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ತಮ್ಮದೇ ಗದ್ದೆಗಳಲ್ಲಿ ಕೂಲಿಗೆ ನಿಂತರು.

ಸಾರೋಮ್ ಕೂಲಿಗೆ ನಿಲ್ಲಲಿಲ್ಲ. ಕುಯಿಲು ಮುಗಿದ ಮೇಲೆ ಒಂದು ಬೆಳಿಗ್ಗೆ ಗುದ್ದಲಿ, ಬುಟ್ಟಿ ತೆಗೆದುಕೊಂಡು ಹೋಗಿ ಗದ್ದೆಯ ಅಂಚಿನಲ್ಲಿ ಅಗೆಯತೊಡಗಿದಳು. ನೀಲಿ ಮಣ್ಣು ಕಂಡಾಗ ಅವಳಿಗರಿವಿಲ್ಲದೆ ಬಾಯಿಂದ "ಅಯ್ಯೋ ಅಮ್ಮಾ" ಎಂದು ಖ್ಮೆರ್ ಮಾತು ಹೊರಟಿತು. ಅದನ್ನು ಕೇಳಿ ಗುಡಿಸಲಿನ ಬಾಗಿಲಿಗೆ ಬಂದ ಆ ಹೆಂಗಸು ಕಿಟಾರನೆ ಕಿರುಚಿಕೊಂಡಳು. ಕಿರುಚಿದವಳು ನಿಲ್ಲಿಸಲೇ ಇಲ್ಲ. ಗೋಡೆಗೆ ಬೆನ್ನು ಒತ್ತಿ, ಎರಡು ಕೈಯಿಂದ ತಲೆ ಮುಚ್ಚಿಕೊಂಡು ಕುಸಿದಳು. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಓಡಿ ಬಂದು ಅವಳನ್ನು ತಬ್ಬಿಕೊಂಡ.

ಅವಳ ಹೆಸರು ಥೊವಾ. ಕಪ್ಪು ಬಟ್ಟೆಯವರು ನುಗ್ಗಿದ ಗಡಿಯೂರಿನವಳು. ಗಂಡ, ಇಬ್ಬರು ಹೆಣ್ಣುಮಕ್ಕಳು ಅವಳ ಕಣ್ಣೆದುರೇ ಹೋಗಿದ್ದರು. ಅವಳು ಹೆಣಗಳ ಕೆಳಗೆ ಎರಡು ದಿನ ಉಸಿರು ಬಿಗಿಹಿಡಿದು ಬದುಕಿದ್ದಳು. ಮಗ ತಾಮ್ ಬೇರೆ ಊರಿನ ಸೋದರಮಾವನ ಮನೆಯಲ್ಲಿದ್ದುದರಿಂದ ಉಳಿದಿದ್ದ. ಖ್ಮೆರ್ ಮಾತು ಕಿವಿಗೆ ಬಿದ್ದರೆ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಸರ್ಕಾರ ಅವಳಿಗೆ ಕೊಟ್ಟಿದ್ದ ಗದ್ದೆಯ ಸುತ್ತ ನಾಲ್ಕು ದಿಕ್ಕಿಗೂ ಖ್ಮೆರ್ ಮನೆಗಳೇ ಇದ್ದವು.

ಅಂದು ಸಾರೋಮ್ ಮಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದಳು. ಮಾರನೆಯ ದಿನ ಮನೆಗೆ ಕಚೇರಿಯವರು ಬಂದು, ಇನ್ನೊಬ್ಬರ ಗದ್ದೆ ಅಗೆದರೆ ಜೈಲು ಎಂದು ಹೇಳಿಹೋದರು.

ಆ ವರ್ಷದ ಪ್ರವಾಹದಲ್ಲಿ ಥೊವಾಳ ಗುಡಿಸಲಿಗೆ ನೀರು ನುಗ್ಗಿ ಅವಳ ಒಲೆ ಕರಗಿಹೋಯಿತು. ನೀರಿಳಿದ ಮೇಲೆ ಅವಳೇ ಸಾರೋಮ್‌ಳ ಅಂಗಳಕ್ಕೆ ಬಂದಳು. ಬೇಲಿಯಾಚೆಯೇ ನಿಂತು, ವಿಯೆಟ್ನಾಮಿ ಭಾಷೆಯಲ್ಲಿ, "ಒಲೆ ಇದೆಯಾ?" ಎಂದಳು.

"ಒಲೆ ಇಲ್ಲ," ಎಂದಳು ಸಾರೋಮ್, ತನಗೆ ಬರುವ ಹರಕುಮುರುಕು ವಿಯೆಟ್ನಾಮಿಯಲ್ಲಿ. "ಮಣ್ಣು ಇಲ್ಲ. ಮಣ್ಣು ನಿನ್ನ ಹತ್ರ."

ಥೊವಾ ಗದ್ದೆಯ ಕಡೆ ತಿರುಗಿ ನೋಡಿದಳು. "ಅದು ನಿನ್ನ ಗದ್ದೆಯಾ?"

"ಅಮ್ಮಂದು. ಅವಳಮ್ಮಂದು."

"ನಾನು ಕೇಳಲಿಲ್ಲ. ಅವರೇ ಕೊಟ್ರು. ನನಗೆ ಹೋಗೋಕೆ ಬೇರೆ ಜಾಗ ಇಲ್ಲ."

"ಗೊತ್ತು."

"ಅಗೆಯುವಾಗ ನೀನು ಮಾತಾಡಬಾರದು," ಎಂದಳು ಥೊವಾ. "ಒಂದು ಮಾತೂ ಆಡಬಾರದು. ಹಾಗಿದ್ರೆ ಬಾ."

ಹೀಗೆ ಒಪ್ಪಂದವಾಯಿತು. ಕುಯಿಲಾದ ಮೇಲೆ ಸಾರೋಮ್ ಬಂದು, ತುಟಿ ಬಿಗಿಹಿಡಿದು, ತನ್ನ ತಾಯಿಯ ಗದ್ದೆಯಿಂದ ಮಣ್ಣು ಹೊತ್ತುಕೊಂಡು ಹೋಗುವಳು. ಗುಂಡಿಯನ್ನು ಮತ್ತೆ ಮೇಲ್ಮಣ್ಣಿನಿಂದ ಮುಚ್ಚಿ ಸಮ ಮಾಡುವಳು. ಅದಕ್ಕೆ ಬದಲಾಗಿ ಥೊವಾಳಿಗೆ ಒಲೆ, ಮಡಕೆ, ಹೂಜಿ. ಹನ್ನೆರಡು ಹದಿಮೂರು ವರ್ಷ ಹಾಗೇ ನಡೆಯಿತು. ಅವರು ಗೆಳತಿಯರಾಗಲಿಲ್ಲ. ಆದರೆ ಒಮ್ಮೆ ಚಂತಾಳಿಗೆ ಜ್ವರ ಏರಿದಾಗ ಥೊವಾ ತನ್ನ ಮಗನ ಸೈಕಲ್ಲಿನಲ್ಲಿ ಅವಳನ್ನು ಪೇಟೆಗೆ ಕಳಿಸಿಕೊಟ್ಟಳು. ಇನ್ನೊಮ್ಮೆ, ಗಡಿಯೂರಿನಲ್ಲಿ ಸತ್ತವರ ನೆನಪಿನ ದಿನ, ಬೇಲಿಯಾಚೆ ನಿಂತು, "ನಿನ್ನ ಗಂಡ ಎಲ್ಲಿ?" ಎಂದು ಕೇಳಿದಳು.

"ಆಚೆ ಸತ್ತ. ಅದೇ ಕಪ್ಪು ಬಟ್ಟೆಯವರು ಕೊಂದ್ರು."

"ನಿಮ್ಮವರನ್ನೂ ಕೊಂದ್ರಾ?" ಎಂದು ಥೊವಾ ಬೆರಗಾಗಿ ಅವಳ ಮುಖ ನೋಡಿದಳು. ಅವನು ತಾನಾಗಿಯೇ ಹೋದನೆಂಬುದನ್ನು ಸಾರೋಮ್ ಅವಳಿಗೆ ಹೇಳಲಿಲ್ಲ.

ಚಂತಾ ಬುದ್ಧಿವಂತೆ. ಶಾಲೆಯಲ್ಲಿ ವಿಯೆಟ್ನಾಮಿ ಅಕ್ಷರ ಕಲಿತಳು, ಬೇಸಿಗೆಯಲ್ಲಿ ಮಠದ ಭಿಕ್ಷುಗಳಿಂದ ಖ್ಮೆರ್ ಅಕ್ಷರವನ್ನೂ ಕಲಿತಳು. ಮಣ್ಣು ಅವಳ ಕೈಗೆ ಹತ್ತಲಿಲ್ಲ. ಊರಿನ ಆರೋಗ್ಯ ಕೇಂದ್ರದಲ್ಲಿ ಖ್ಮೆರ್ ಮಾತು ಬಲ್ಲ ದಾದಿ ಬೇಕಾಗಿದ್ದಳು. ಹೆರಿಗೆಗೆ ಬಂದ ಹೆಂಗಸರು ನೋವು ಎಲ್ಲಿ ಎಂದು ಹೇಳಲಾಗದೆ ಒದ್ದಾಡುತ್ತಿದ್ದರು. ತರಬೇತಿಗೆ ಚಂತಾ ಎರಡು ಸಲ ಅರ್ಜಿ ಹಾಕಿದಳು. ಎರಡು ಸಲವೂ ತಿರುಗಿ ಬಂತು.

ಮೂರನೆಯ ಸಲ ಸಾರೋಮ್ ತಾನೇ ಕಚೇರಿಗೆ ಹೋದಳು. ಆಗ ಅಲ್ಲಿ ಮೇಜಿನ ಹಿಂದೆ ಕೂತಿದ್ದವನು ಪಕ್ಕದ ಊರಿನ ಖ್ಮೆರ್ ಯುವಕ. ಎದ್ದು ಕೈಜೋಡಿಸಿ ಕುರ್ಚಿ ಕೊಟ್ಟ. ಕಡತ ತೆಗೆದು ಅವಳಿಗೆ ಅರ್ಥವಾಗುವ ಮಾತಿನಲ್ಲಿ ಓದಿದ.

"ದೊಡ್ಡಮ್ಮ, ಇಲ್ಲಿ ಬರೆದಿದೆ: 'ಗಂಡ ಚಾವ್ ಫಲ್ಲಾ, ಸ್ವಂತ ಇಚ್ಛೆಯಿಂದ ಶತ್ರುವಿನ ಕಡೆ ಹೋದವನು.' ಈ ಸಾಲು ಇರೋವರೆಗೂ ನಿಮ್ಮ ಮಗಳ ಕೆಲಸ ಆಗಲ್ಲ."

"ಅದು ಹೋಗೋದು ಹೇಗಪ್ಪ?"

ಅವನು ಬಾಗಿಲ ಕಡೆ ನೋಡಿದ. "ಬಂದೂಕು ತೋರಿಸಿ ಹಿಡ್ಕೊಂಡು ಹೋದ್ರು ಅಂತ ನೀವು ಬರೆದುಕೊಡಬೇಕು. ಹಾಗೆ ಹೋಗಿ ಸತ್ತವರ ಮನೆಯವರಿಗೆ ಗೌರವ ಇದೆ, ಮಕ್ಕಳಿಗೆ ಮೊದಲ ಅವಕಾಶ ಇದೆ. ಆದರೆ..."

"ಆದರೆ?"

"ಇನ್ನೊಂದು ಕಾಗದನೂ ಇದೆ. ಈ ವರ್ಷ ಗದ್ದೆಗಳಿಗೆಲ್ಲ ಒಡೆತನದ ಕೆಂಪು ಪುಸ್ತಕ ಕೊಡ್ತಾ ಇದಾರೆ. ಥೊವಾ ಅನ್ನೋರ ಗದ್ದೆಗೆ ಕೊಡೋಕೆ ಮುಂಚೆ, ಹಳೇ ಮನೆಯವರ ತಕರಾರಿಲ್ಲ ಅಂತ ಹೆಬ್ಬೆಟ್ಟು ಬೇಕು. ಆ ಗದ್ದೆ ಯಾವತ್ತೂ ನಿಮ್ಮದಾಗಿರಲಿಲ್ಲ ಅಂತ." ಅವನ ಕಿವಿ ಕೆಂಪಾಗಿತ್ತು. "ನಾನು ಬರೆದದ್ದಲ್ಲ ದೊಡ್ಡಮ್ಮ. ಮೇಲಿನವರು ಎರಡನ್ನೂ ಒಟ್ಟಿಗೆ ಕಳಿಸು ಅಂದಿದಾರೆ. ಒಂದು ಬಂದ್ರೆ ಇನ್ನೊಂದು ನಡೆಯುತ್ತೆ."

"ಒತ್ತದೇ ಇದ್ರೆ?"

"ಗದ್ದೆ ಹೇಗೂ ಅವರಿಗೇ ಹೋಗುತ್ತೆ. ಸ್ವಲ್ಪ ತಡವಾಗುತ್ತೆ ಅಷ್ಟೆ."

ಸಾರೋಮ್ ಮನೆಗೆ ಬಂದಳು. ಎರಡು ದಿನ ದಿಮ್ಮಿಯ ಹತ್ತಿರ ಹೋಗಲಿಲ್ಲ. ಮೂರನೆಯ ದಿನ ಬೆಟ್ಟದ ಬುಡದಲ್ಲಿದ್ದ ತುಯ್‌ನ ಜೋಪಡಿಗೆ ಹೋಗಿ ನಡೆದದ್ದನ್ನು ಹೇಳಿದಳು.

"ಒತ್ತಿಬಿಡು ಅತ್ತಿಗೆ," ಎಂದ ತುಯ್. "ಸತ್ತೋನು ಬಂದು ಜಗಳ ಆಡ್ತಾನಾ?"

"ಅವನು ಅಲ್ಲಿ ಕೂಗ್ತಾ ಹೋದ ಅಂದೆಯಲ್ಲ, ನಾನು ಖ್ಮೆರ್ ಅಂತ. ಅವನಿಗೆ ಇದ್ದದ್ದು ಅದೊಂದೇ. ನಂಬಿಕೊಂಡು ನಡೆದು ಹೋದ, ಅದಕ್ಕೇ ಸತ್ತ. ಈಗ ನಾನು, ಇಲ್ಲ, ಕುರಿ ಹಾಗೆ ಎಳ್ಕೊಂಡು ಹೋದ್ರು ಅಂತ ಬರೆಸಬೇಕು."

ತುಯ್‌ನ ಕಡತದಲ್ಲೂ ಅದೇ ಸಾಲಿತ್ತು. ಹೆಂಡತಿ ಮಕ್ಕಳಿಲ್ಲದವನು, ಅಳಿಸಲು ಯಾವತ್ತೂ ಹೋಗಿರಲಿಲ್ಲ.

ನಾಲ್ಕನೆಯ ದಿನ ಸಾರೋಮ್ ಕಚೇರಿಗೆ ಹೋಗಿ ಎರಡು ಕಾಗದಕ್ಕೂ ಹೆಬ್ಬೆಟ್ಟು ಒತ್ತಿದಳು. ಮೂವತ್ತು ವರ್ಷ ಮಣ್ಣು ತೀಡಿ ತೀಡಿ ಅವಳ ಹೆಬ್ಬೆರಳಿನ ಗೆರೆ ಸವೆದುಹೋಗಿತ್ತು. ಮೊದಲ ಸಲ ಶಾಯಿಯ ಬರೀ ಒಂದು ಮುದ್ದೆ ಬಿತ್ತು. "ಸ್ವಲ್ಪ ಗಟ್ಟಿಯಾಗಿ ದೊಡ್ಡಮ್ಮ," ಎಂದು ಯುವಕ ಅವಳ ಕೈ ಹಿಡಿದು ಮತ್ತೆ ಒತ್ತಿಸಿದ.

ಚಂತಾಳಿಗೆ ಕೆಲಸ ಸಿಕ್ಕಿತು. ಬಿಳಿ ಅಂಗಿಯ ಮೇಲೆ ಹೆಸರಿನ ಪಟ್ಟಿ. ಅದರಲ್ಲಿ ಅವಳ ಹೆಸರನ್ನು ವಿಯೆಟ್ನಾಮಿ ಬಾಯಿಗೆ ಒಗ್ಗುವಂತೆ ಬೇರೆಯಾಗಿ ಬರೆದಿದ್ದರು. ಊರಿನ ಹೆಂಗಸರು ಅದನ್ನು ಓದಲಾರರು, ಚಂತಾ ಎಂದೇ ಕರೆಯುತ್ತಿದ್ದರು. ಅವಳ ಕೈಯಲ್ಲಿ ನೂರಾರು ಮಕ್ಕಳು ಹುಟ್ಟಿದವು. ಅವಳಿಗೂ ಮದುವೆಯಾಗಿ ಥಿದಾ ಎಂಬ ಮಗಳು ಹುಟ್ಟಿದಳು. ತುಯ್ ಒಂದು ಬೇಸಿಗೆಯಲ್ಲಿ ಆರೋಗ್ಯ ಕೇಂದ್ರದ ಮಂಚದ ಮೇಲೆಯೇ ತೀರಿಕೊಂಡ. ಚಂತಾಳೇ ಅವನ ಕಣ್ಣು ಮುಚ್ಚಿದಳು.

ಗದ್ದೆ ಥೊವಾಳ ಹೆಸರಿಗಾದ ಮೇಲೂ ಸಾರೋಮ್ ಮಣ್ಣಿಗೆ ಹೋಗುತ್ತಿದ್ದಳು. ಆದರೆ ತಾಮ್ ದೊಡ್ಡವನಾಗಿದ್ದ, ಸಾಲದಲ್ಲಿದ್ದ. ಬೆಟ್ಟ ಒಡೆದು ಜಲ್ಲಿ ಮಾಡುವವರು ಲಾರಿ ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ತಾಯಿ ಬೇಡ ಬೇಡವೆಂದರೂ ಅವನು ಗದ್ದೆ ಮಾರಿದ. ಒಂದು ವಾರದಲ್ಲಿ ಅದರ ಮೇಲೆ ಆಳೆತ್ತರದ ಕಲ್ಲುಪುಡಿ ಸುರಿದು ರೋಲರು ಓಡಿಸಿದರು.

ಥೊವಾ ಆ ಸಂಜೆ ಬಂದಳು. ಮೊದಲ ಬಾರಿಗೆ ಬೇಲಿ ದಾಟಿ ಒಳಗೆ ಬಂದು ದಿಮ್ಮಿಯ ಪಕ್ಕದಲ್ಲಿ ಕೂತಳು. "ಮಗ ನನ್ನನ್ನ ಪೇಟೆಗೆ ಕರ್ಕೊಂಡು ಹೋಗ್ತಾ ಇದಾನೆ," ಎಂದಳು. "ಮಾರೋದಾದ್ರೆ ನಿನಗೆ ಕೊಡಬೇಕಿತ್ತು. ನಾನು ಹೇಳ್ದೆ. ಅವನು ಕಾಗದ ತೋರಿಸ್ದ. ಆ ಗದ್ದೆ ಯಾವತ್ತೂ ನಿನ್ನದಲ್ಲ ಅಂತ ನೀನೇ ಹೆಬ್ಬೆಟ್ಟು ಒತ್ತಿದೀಯಂತೆ. ಹೌದಾ?"

"ಹೌದು."

"ಸುಳ್ಳು ಯಾಕೆ ಒತ್ತಿದೆ?"

ಅದನ್ನು ಹೇಳಲು ಸಾರೋಮ್‌ಳ ಹತ್ತಿರ ಅಷ್ಟು ವಿಯೆಟ್ನಾಮಿ ಮಾತಿರಲಿಲ್ಲ. ಅವಳು ಎದ್ದು, ಇದ್ದದ್ದರಲ್ಲಿ ಚಿಕ್ಕ ಒಲೆಯೊಂದನ್ನು ಒಣಹುಲ್ಲಿನಲ್ಲಿ ಸುತ್ತಿ ಥೊವಾಳ ಕೈಗಿಟ್ಟಳು. ಮನೆಯಲ್ಲಿ ಉಳಿದಿದ್ದ ಮಣ್ಣು ಮುಗಿದ ಮೇಲೆ ಬೆಟ್ಟದ ಹಿಂಬದಿಯ ಮಣ್ಣು ತಂದು ನೋಡಿದಳು. ಅದರಲ್ಲಿ ಮರಳು ಹೆಚ್ಚು; ಮೂರರಲ್ಲಿ ಎರಡು ಒಲೆ ಸುಡುವಾಗಲೇ ಒಡೆಯುತ್ತಿದ್ದವು. ಅಷ್ಟರಲ್ಲಿ ದೋಣಿಯವರೂ ಗ್ಯಾಸಿನ ಒಲೆಗೆ ತಿರುಗಿದ್ದರು. ಅವಳು ಬಿಟ್ಟುಬಿಟ್ಟಳು.

ಥಿದಾಗೆ ಹನ್ನೆರಡು ವರ್ಷವಾದಾಗ ಶಾಲೆಯಲ್ಲಿ ಗಡಿಯುದ್ಧದ ಬಗ್ಗೆ, ಮನೆಯ ಹಿರಿಯರನ್ನು ಕೇಳಿ ಬರೆದು ತರಲು ಹೇಳಿದರು. ಅವಳು ಪುಸ್ತಕ ಹಿಡಿದು ಅಜ್ಜಿಯ ಮುಂದೆ ಕೂತಳು.

"ಅಜ್ಜಿ, ತಾತನ್ನ ಹೇಗೆ ಹಿಡ್ಕೊಂಡು ಹೋದ್ರು?"

"ಬಂದೂಕು ತೋರಿಸಿ," ಎಂದಳು ಸಾರೋಮ್.

"ತಾತ ಒದ್ದಾಡಿದ್ರಾ? ಬರಲ್ಲ ಅಂದ್ರಾ?"

"ಅಂದ."

"ಎಷ್ಟು ಜನ ಹಿಡ್ಕೊಂಡಿದ್ರು?"

"ನಾಲ್ಕು ಜನ," ಎಂದಳು ಸಾರೋಮ್. ಹುಡುಗಿ ವಿಯೆಟ್ನಾಮಿ ಅಕ್ಷರದಲ್ಲಿ ಅದನ್ನು ಬರೆದುಕೊಂಡು ಹೊರಗೆ ಹೋದಳು.

ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದ ಚಂತಾ ಕೈ ಒರೆಸಿಕೊಂಡು ಬಂದು ತಾಯಿಯ ಪಕ್ಕದಲ್ಲಿ ಕೂತಳು.

"ಅಮ್ಮಾ, ತುಯ್ ಮಾಮ ನನಗೆ ಹೇಳಿದ್ದ."

"ಏನಂತ?"

"ಅಪ್ಪ ನಡ್ಕೊಂಡು ಹೋಗಿದ್ದು. ಬೆಂಕಿಪೊಟ್ಟಣದ್ದು. ಎಲ್ಲ."

ಸಾರೋಮ್ ಮಗಳ ಮುಖ ನೋಡಿದಳು. ಚಂತಾಳ ತಲೆಯಲ್ಲೂ ಆಗ ಬಿಳಿ ಕೂದಲಿತ್ತು. "ಸಾಯೋವಾಗ ಹೇಳಿದ್ನಾ?"

"ಅಲ್ಲ. ನನಗೆ ಕೆಲಸ ಸಿಗೋಕೆ ಮುಂಚೆ. ನೀನು ಹೆಬ್ಬೆಟ್ಟು ಒತ್ತಿ ಬಂದ ವಾರಾನೇ. ನಾನೇ ಹೋಗಿ ಕೇಳಿದೆ. ಕೇಳ್ಕೊಂಡು ಬಂದು, ಆ ಕೆಲಸಾನೇ ತಗೊಂಡೆ."

"ಇಷ್ಟು ವರ್ಷ ಸುಮ್ಮನಿದ್ದೆ?"

"ನೀನೂ ಸುಮ್ಮನಿದ್ದೆಯಲ್ಲ."

ಹೊರಗೆ ಜಲ್ಲಿ ಲಾರಿಗಳು ಹೋಗುತ್ತಿದ್ದವು, ಪ್ರತಿ ಲಾರಿಗೂ ಮನೆಯ ಹಲಗೆ ಅದುರುತ್ತಿತ್ತು. ಕೊನೆಗೆ ಚಂತಾಳೇ, "ನನಗೆ ಅವನ ಮುಖ ನೆನಪಿಲ್ಲಮ್ಮ. ತಲೆ ಮುಟ್ಟಿದ್ದು ಮಾತ್ರ ನೆನಪಿದೆ. ಅವನು ಹೇಗಿದ್ದ ಅಂತ ಹೇಳು," ಎಂದಳು.

ಸಾರೋಮ್ ಹೇಳತೊಡಗಿದಳು. ಅವನು ಮರ ಹತ್ತುವಾಗ ಸಿಳ್ಳೆ ಹಾಕುತ್ತಿದ್ದದ್ದು, ಕಾವಿ ಉಟ್ಟುಕೊಂಡೇ ಮಠ ಬಿಟ್ಟು ಓಡಿಬಂದು ಅಪ್ಪನಿಂದ ಪೆಟ್ಟು ತಿಂದದ್ದು, ಮದುವೆಯ ದಿನ ಅಳತೆ ತಪ್ಪಿದ ಚಪ್ಪಲಿಯಲ್ಲಿ ಎಡವಿದ್ದು. ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು, ಆಮೇಲೆ ಅಳು ಬಂತು. ಇಷ್ಟು ವರ್ಷಕ್ಕೆ ಮೊದಲ ಸಲ ಅತ್ತಳು. ಮೀನು ಹಾಗೇ ಉಳಿಯಿತು. ಶಾಲೆಯ ಪುಸ್ತಕದಲ್ಲಿ ಬರೆದದ್ದನ್ನು ಇಬ್ಬರೂ ತಿದ್ದಿಸಲಿಲ್ಲ. ತಿದ್ದಿಸಿದರೆ ಚಂತಾಳ ಕೆಲಸಕ್ಕೆ ಸಂಚಕಾರ, ನಾಳೆ ಥಿದಾಳಿಗೂ.

ಎರಡು ವರ್ಷದ ಮೇಲೆ ಸಾರೋಮ್ ತೀರಿಕೊಂಡಳು. ಅವಳ ಎಲುಬನ್ನು ಇಡಲು ಪೇಟೆಯಿಂದ ಹೊಳಪಿನ ಪಿಂಗಾಣಿ ಭರಣಿ ತರಬೇಕಾಯಿತು, ಊರಿನಲ್ಲಿ ಗಡಿಗೆ ಮಾಡುವವರು ಯಾರೂ ಉಳಿದಿರಲಿಲ್ಲ.